ಎಣ್ಣೆ ಹೂವಿನ ಕ್ರಿಸ್ಮಸ್ ಕಾರ್ಡು

ಹಳೆಯ ಪತ್ರಿಕೆಯ ತುಣುಕುಗಳ ಕಡತ ಬಿಚ್ಚಿದಾಗ ಮೊದಲು ಬಂದದ್ದು ತೆಂಗಿನ ಎಣ್ಣೆಯ ಕಮಟು ವಾಸನೆ. ಕಾಗದದ ಕಡತದಲ್ಲಿ ಎಣ್ಣೆಗೆ ಏನು ಕೆಲಸ ಎಂದು ಹುಡುಕಿದರೆ, ತುಣುಕುಗಳ ನಡುವೆ ಒಂದು ಕ್ರಿಸ್ಮಸ್ ಕಾರ್ಡು ಸಿಕ್ಕಿತು. ಅಂಗೈ ಅಗಲದ್ದು. ಮುಖದಲ್ಲಿ ನಕ್ಷತ್ರದ ಆಕಾರಕ್ಕೆ ಕತ್ತರಿಸಿದ ಕಿಂಡಿ, ಕಿಂಡಿಯ ಹಿಂದೆ ಏನೂ ಇಲ್ಲದಂತೆ ಕಾಣುವ ರಟ್ಟು. ಕಿಟಕಿಯ ಬೆಳಕಿಗೆ ಹಿಡಿದಾಗ ಹೂವು ಎದ್ದು ಬಂತು. ಎಂಟು ಎಸಳು, ಒಂದು ಎಸಳಿನ ತುದಿ ಮುರಿದದ್ದು. ಶಾಯಿಯಲ್ಲಿ ಬಿಡಿಸಿದ್ದಲ್ಲ, ಎಣ್ಣೆಯಲ್ಲಿ ಒತ್ತಿದ್ದು. ಅದರ ಕೆಳಗೆ ನಡುಗುವ ಅಕ್ಷರದಲ್ಲಿ ಒಂದೇ ಶಬ್ದ: ಬಾ.

ಕಳಿಸಿದವರು ಬೆಳ್ಳಾರೆಯಲ್ಲಿ ನಾನಿದ್ದ ಬಾಡಿಗೆ ಕೋಣೆಯ ಪಕ್ಕದ ಮನೆಯವರು. ಶಾಲೆಯಲ್ಲಿ ಹುಡುಗಿಯರಿಗೆ ಹೊಲಿಗೆ ಹೇಳಿಕೊಡುತ್ತಿದ್ದರು. ಆ ಸೀಮೆಯಲ್ಲಿ ಕ್ರೈಸ್ತ ಹೆಂಗಸರನ್ನು ಎಲ್ಲರೂ ಕರೆಯುವಂತೆ ನಾನೂ ಬಾಯಮ್ಮ ಎಂದೇ ಕರೆದೆ. ಐವತ್ತು ದಾಟಿದ ಪ್ರಾಯ. ಮದುವೆಯಾಗಿರಲಿಲ್ಲ. ಕನ್ನಡಕದ ಒಂದು ಕಾಲಿಗೆ ಕೆಂಪು ನೂಲು ಸುತ್ತಿದ್ದರು. ನನಗೆ ಇಪ್ಪತ್ತೊಂದು. ಪೆರಾಬೆಯಿಂದ ಬಂದು ಊರಿನ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರಿ ಎರಡೋ ಮೂರೋ ವರ್ಷ ಆಗಿತ್ತು...

ನವೆಂಬರ್ ಮುಗಿಯುತ್ತ ಬಂದ ಹಾಗೆ ಬಾಯಮ್ಮನ ಜಗಲಿ ಕಾರ್ಖಾನೆಯಾಗುತ್ತಿತ್ತು. ರಟ್ಟು ಪುತ್ತೂರಿನ ಒಂದು ಮುದ್ರಣಾಲಯದ್ದು. ಮದುವೆ ಕಾಗದ ಕತ್ತರಿಸಿ ಉಳಿದ ಅಂಚುಗಳನ್ನು ಅವರು ಹೋಗಿ ಕಟ್ಟು ಕಟ್ಟಿಸಿಕೊಂಡು ಬರುತ್ತಿದ್ದರು. ಮುದ್ರೆಗಳನ್ನು ತಾವೇ ಮಾಡಿದ್ದರು. ಹಳೆಯ ಸೈಕಲ್ ಟ್ಯೂಬನ್ನು ಗಂಟೆ, ಎಲೆ, ಮೇಣದಬತ್ತಿ, ಕುರಿಮರಿಯ ಆಕಾರಕ್ಕೆ ಕತ್ತರಿಸಿ ಮರದ ತುಂಡಿಗೆ ಅಂಟಿಸಿದವು. ಅಂಟು ಗೇರು ಮರದ್ದು. ನಕ್ಷತ್ರದ ಕಿಂಡಿ ಕತ್ತರಿಸಲು ತಗಡಿನ ಅಚ್ಚು ಇತ್ತು. ಅದನ್ನು ಮಾಡಿಕೊಟ್ಟವರು ಪೇಟೆಯಲ್ಲಿ ಸೀಮೆಎಣ್ಣೆಯ ಬುಡ್ಡಿ ಮಾಡುತ್ತಿದ್ದ ಒಬ್ಬ ಬ್ಯಾರಿ ಸಾಹೇಬರು. ಮೊದಲ ಸಲ ಅವರು ಹರಿತದ ಬದಿಯನ್ನು ಮೇಲೆ ಮಾಡಿ, ಮೊಂಡು ಬದಿಯನ್ನು ಕೆಳಗೆ ಮಾಡಿ ಹಿಡಿ ಬೆಸೆದಿದ್ದರಂತೆ. ಬಾಯಮ್ಮ ಅದನ್ನು ವಾಪಸು ಒಯ್ದಾಗ, ಆಕಾಶದಲ್ಲಿರುವ ನಕ್ಷತ್ರಕ್ಕೆ ಹರಿತ ಮೇಲೆಯೇ ಇರಬೇಕಲ್ಲವೇ ಎಂದು ಕೇಳಿ, ನಗುತ್ತ ತಿರುಗಿಸಿ ಬೆಸೆದುಕೊಟ್ಟರಂತೆ. ಇದು ನಾನು ಕಂಡದ್ದಲ್ಲ, ಇಬ್ಬರ ಬಾಯಿಂದಲೂ ಬೇರೆ ಬೇರೆಯಾಗಿ ಕೇಳಿದ್ದು.

ಬಣ್ಣಕ್ಕೆ ಬಸಳೆ ಹಣ್ಣಿನ ರಸ, ಅರಸಿನ, ಬಟ್ಟೆಗೆ ಹಾಕುವ ನೀಲಿ. ಮಕ್ಕಳ ಒಂದು ಬಣ್ಣದ ಪೆಟ್ಟಿಗೆಯೂ ಇತ್ತು; ಅದರ ಕೆಂಪನ್ನು ಮಾತ್ರ ಜಿಪುಣತನದಿಂದ ಮುಟ್ಟುತ್ತಿದ್ದರು. ನನಗೆ ಚಿತ್ರ ಬಿಡಿಸುವ ಕೈ ಸ್ವಲ್ಪ ಇದೆ ಎಂದು ತಿಳಿದದ್ದೇ, ಕಚೇರಿ ಬಿಟ್ಟ ಮೇಲೆ ನನ್ನನ್ನು ಕೂರಿಸಿಕೊಂಡರು. ಶಿಶು ಯೇಸುವನ್ನು ನೋಡಲು ಹೋದ ಮೂವರು ಅರಸರ ಒಂಟೆಯ ಮುದ್ರೆ ಕತ್ತರಿಸುವ ಕೆಲಸ ನನ್ನದಾಯಿತು. ನಾನು ಒಂಟೆಯನ್ನು ಕಂಡಿರಲಿಲ್ಲ. ಬೆನ್ನಿನ ಮೇಲೆ ಡುಬ್ಬ ಇರುತ್ತದೆ ಎಂದಷ್ಟೇ ಗೊತ್ತು. ಡುಬ್ಬ ಇರುವ ದೊಡ್ಡ ಪ್ರಾಣಿ ಎಂದರೆ ನಾನು ನೋಡಿದ್ದು ಕೊಯಿಲದ ಸರಕಾರಿ ಫಾರ್ಮಿನ ಹೋರಿ. ಅದನ್ನೇ ನೆನಪು ಮಾಡಿಕೊಂಡು, ಕಾಲು ಸ್ವಲ್ಪ ಉದ್ದ ಮಾಡಿ ಕತ್ತರಿಸಿದೆ.

ಬಾಯಮ್ಮ ಒತ್ತಿ ನೋಡಿದರು. ಕನ್ನಡಕ ತೆಗೆದು ಮತ್ತೊಮ್ಮೆ ನೋಡಿದರು.

"ಎಂತ ಮಾರಾಯ, ಇದಕ್ಕೆ ಹುಲ್ಲು ಹಾಕಬೇಕಾ, ಹಿಂಡಿ ಹಾಕಬೇಕಾ?"

ಬೇರೆ ಕತ್ತರಿಸುತ್ತೇನೆ ಎಂದೆ. ಬೇಡವೆಂದರು. ಆ ವರ್ಷದ ನಲವತ್ತು ಕಾರ್ಡುಗಳಲ್ಲಿ ಪೂರ್ವ ದಿಕ್ಕಿನ ಅರಸರು ಕೊಯಿಲದ ಹೋರಿಯ ಮೇಲೆಯೇ ಬೆತ್ಲೆಹೇಮಿಗೆ ಹೋದರು. ಯಾರೂ ದೂರು ಹೇಳಲಿಲ್ಲ.

ಬಾಯಮ್ಮನಿಗೆ ಒಬ್ಬಳೇ ತಂಗಿ. ಕಡಬಕ್ಕೆ ಮದುವೆಯಾಗಿ ಹೋದವಳು. ಅಕ್ಕ ತಂಗಿಯರಿಗೆ ಏಳು ವರ್ಷದಿಂದ ಮಾತಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಯಾಕೆಂದು ನನಗೆ ಗೊತ್ತಿರಲಿಲ್ಲ. ಹೊಸಬ, ಕೇಳುವ ಸಲಿಗೆ ಇರಲಿಲ್ಲ. ಅದರಿಂದಲೇ ನನ್ನ ತಪ್ಪು ನಡೆಯಿತು.

ಒಂದು ಭಾನುವಾರ ಬಾಯಮ್ಮ ಪೂಜೆಗೆ ಇಗರ್ಜಿಗೆ ಹೋಗಿದ್ದರು. ನಾನು ಜಗಲಿಯಲ್ಲಿ ಬಣ್ಣ ತುಂಬುತ್ತಿದ್ದೆ. ನಕ್ಷತ್ರದ ಕಿಂಡಿಯ ಹಿಂದೆ ಒಂದು ಗುಂಡಗಿನ ಹೂವು ಬಂದರೆ ಚೆಂದ ಎನಿಸಿತು. ಒಳಗೆ ಅಡಿಗೆಕೋಣೆಯ ಬಾಗಿಲ ಬಳಿ ಮೊಳೆಗೆ ಒಂದು ಕಬ್ಬಿಣದ ಅಚ್ಚು ನೇತಾಡುತ್ತಿತ್ತು. ಉದ್ದ ಕಂಬಿಯ ತುದಿಯಲ್ಲಿ ಎಂಟು ಎಸಳಿನ ಹೂವು. ಕ್ರಿಸ್ಮಸ್ಸಿಗೆ ಕೊಕ್ಕಿಸ್ ಎಂಬ ತಿಂಡಿ ಮಾಡುವುದು ಇದರಲ್ಲಿ. ಕಾದ ಎಣ್ಣೆಯಲ್ಲಿ ಅಚ್ಚನ್ನು ಕಾಯಿಸಿ, ಅಕ್ಕಿ ಮತ್ತು ತೆಂಗಿನ ಹಾಲಿನ ಹಿಟ್ಟಿನಲ್ಲಿ ಅದ್ದಿ, ಮತ್ತೆ ಎಣ್ಣೆಗೆ ಇಳಿಸಿದರೆ ಗರಿಗರಿ ಹೂವು ಕಳಚಿಕೊಂಡು ತೇಲುತ್ತದೆ. ನಾನು ಅದನ್ನು ಇಳಿಸಿಕೊಂಡು ಬಂದೆ. ಕಚೇರಿಯಲ್ಲಿ ಎಸೆಯಲಿಟ್ಟಿದ್ದ ಒಂದು ನೇರಳೆ ಸ್ಟ್ಯಾಂಪ್ ಪ್ಯಾಡು ನನ್ನ ಕೋಣೆಯಲ್ಲಿತ್ತು. ಅದಕ್ಕೆ ಅದ್ದಿ ರಟ್ಟಿನ ಮೇಲೆ ಒತ್ತಿದೆ. ಒಳ್ಳೆಯ ಹೂವು ಬಂತು. ಒಂದೇ ಒಂದು ಎಸಳಿನ ತುದಿ ಇರಲಿಲ್ಲ. ಇನ್ನೊಮ್ಮೆ ಒತ್ತಿದೆ. ಆಗಲೂ ಇಲ್ಲ.

ಬಾಯಮ್ಮ ತಲೆಯ ಮುಸುಕು ತೆಗೆಯುತ್ತ ಮೆಟ್ಟಿಲು ಹತ್ತಿದವರು ಅಲ್ಲೇ ನಿಂತರು. ನನ್ನ ಕೈಯಲ್ಲಿದ್ದ ಅಚ್ಚನ್ನು ನೋಡಿದರು. ನೇರಳೆ ಶಾಯಿ ಎಸಳಿನ ಸಂದುಗಳಲ್ಲಿ ಇಳಿದು ತೊಟ್ಟಿಕ್ಕುತ್ತಿತ್ತು. ಅವರು ಬೈಯಲಿಲ್ಲ. ಕೆಳಗೆ ಕೂತು, ರಟ್ಟನ್ನು ಎತ್ತಿಕೊಂಡು, ಮುರಿದ ಎಸಳಿನ ಮೇಲೆ ಬೆರಳಿಟ್ಟರು.

"ಇದು ಅವಳು ಬೀಳಿಸಿದ್ದು. ಆರು ವರ್ಷದ ಪೋರಿ ಆಗ. ಪೆಟ್ಟು ನಾನು ತಿಂದೆ."

ಉಳಿದದ್ದನ್ನು ಆಮೇಲೆ ಒಂದೊಂದಾಗಿ ಹೇಳಿದರು. ಅಚ್ಚು ಅವರ ತಾಯಿಯದು. ತಾಯಿ ತೀರಿಕೊಂಡ ಏಳನೆಯ ದಿನ, ಯಾರನ್ನೂ ಕೇಳದೆ ಬಾಯಮ್ಮ ಅದನ್ನು ಚೀಲಕ್ಕೆ ಹಾಕಿಕೊಂಡಿದ್ದರು. ತಾಯಿಯ ಜೊತೆ ಕೊನೆಯವರೆಗೆ ಇದ್ದವಳು ತಾನು, ಅಚ್ಚು ತನ್ನದು ಎಂಬುದು ಅವರ ಲೆಕ್ಕ. ತಂಗಿ ಅಂಗಳದಲ್ಲಿ ನಿಂತು, ಜನರೆಲ್ಲ ಕೇಳುವಂತೆ, ಅಚ್ಚು ಉಂಟು ತಂಗಿ ಇಲ್ಲ ಅಂತ ತಿಳ್ಕೋ ಎಂದು ಹೇಳಿ ಬಸ್ಸು ಹತ್ತಿದಳು. ಅವಳು ಬರೆಯುವವರೆಗೆ ತಾನೂ ಒಂದು ಕಾಗದ ಬರೆಯುವುದಿಲ್ಲ ಎಂದು ಬಾಯಮ್ಮನೂ ಅದೇ ಜನರ ಎದುರು ಹೇಳಿದ್ದರು. ಆ ಏಳು ವರ್ಷದಲ್ಲಿ ಅಚ್ಚನ್ನು ಅವರು ಒಂದು ಸಲವೂ ಎಣ್ಣೆಗೆ ಇಳಿಸಿರಲಿಲ್ಲ.

ಆ ರಟ್ಟನ್ನು ಅವರು ನನಗೆ ವಾಪಸು ಕೊಡಲಿಲ್ಲ. ನೇರಳೆ ಹೂವಿನ ನಡುವೆ ಅರಸಿನದ ಒಂದು ಬೊಟ್ಟು ಇಟ್ಟರು. ಜಿಪುಣತನ ಬಿಟ್ಟು ಸುತ್ತ ಕೆಂಪಿನ ಗೆರೆ ಎಳೆದರು. ನಕ್ಷತ್ರದ ಕಿಂಡಿಯನ್ನು ಮುರಿದ ಎಸಳು ಕಾಣುವ ಹಾಗೆ ಕತ್ತರಿಸಿದರು. ಕಾಗದ ಬರೆಯುವುದಿಲ್ಲ ಎಂದಿದ್ದೀರಲ್ಲ ಎಂದು ನಾನು ಕೇಳಿದೆ.

"ಇದು ಕಾಗದ ಅಲ್ಲ. ಕಾರ್ಡು. ಬುಕ್ ಪೋಸ್ಟು."

ಇದನ್ನು ಈಗಿನವರಿಗೆ ವಿವರಿಸಬೇಕು. ಆಗ ಹಬ್ಬದ ಕಾರ್ಡನ್ನು ಲಕೋಟೆಗೆ ಅಂಟು ಹಾಕದೆ ಕಳಿಸಿದರೆ ಕಡಿಮೆ ಅಂಚೆ ದರ. ಷರತ್ತು ಏನೆಂದರೆ ಕೈಯಲ್ಲಿ ಬರೆದದ್ದು ಐದು ಶಬ್ದ ಮೀರಬಾರದು, ಅದೂ ಶುಭಾಶಯವೇ ಆಗಿರಬೇಕು. ನಮ್ಮ ಪೋಸ್ಟ್ ಮಾಸ್ಟ್ರು ನಶ್ಯ ಏರಿಸಿಕೊಂಡು ಪ್ರತಿಯೊಂದು ಲಕೋಟೆಯನ್ನೂ ತೆರೆದು ಎಣಿಸುತ್ತಿದ್ದರು. ಕೊಂಕಣಿಯಲ್ಲಿ ಬರೆದರೆ ತನಗೆ ಎಣಿಸಲಿಕ್ಕೆ ಬರುವುದಿಲ್ಲ ಎಂದು ಬಾಯಮ್ಮನಿಂದ ಎಲ್ಲ ಕಾರ್ಡುಗಳನ್ನೂ ಕನ್ನಡದಲ್ಲಿ ಬರೆಸಿದವರು ಅವರು.

ಕಡಬದ ಕಾರ್ಡು ಕೌಂಟರಿಗೆ ಬಂದಾಗ ನಾನು ಪಕ್ಕದಲ್ಲೇ ಸೀಲು ಹೊಡೆಯುತ್ತಿದ್ದೆ. ಮಾಸ್ಟ್ರು ಬೆರಳಿಟ್ಟು ಎಣಿಸಿದರು. ಕ್ರಿಸ್ಮಸ್ ಹಬ್ಬದ ಶುಭಾಶಯ, ನಿನ್ನ ಅಕ್ಕ. ಐದು. ಅದರ ಕೆಳಗೆ ಸಣ್ಣದಾಗಿ ಇನ್ನೊಂದು ಇತ್ತು. ಬಾ.

"ಬಾಯಮ್ಮ, ಆರಾಯ್ತು."

"ಒಂದು ತೆಗೀತೇನೆ. ಹಬ್ಬದ ಅನ್ನುದು ಬೇಡ."

"ಹಾಗೂ ಆಗುದಿಲ್ಲ. ಬಾ ಅಂದ್ರೆ ಶುಭಾಶಯ ಅಲ್ಲ, ಸಮಾಚಾರ. ಸಮಾಚಾರ ಬಂದ್ರೆ ಅದು ಕಾಗದ. ಕಾಗದದ ಸ್ಟ್ಯಾಂಪು ಹಚ್ಚಿ, ನಾಳೆಯೇ ಹೋಗ್ತದೆ."

ಬಾಯಮ್ಮ ಸ್ಟ್ಯಾಂಪಿಗೆ ಕೈ ಚಾಚಲಿಲ್ಲ. ಕಾಗದ ಕಳಿಸಿದಂತಾದರೆ ಅಂಗಳದಲ್ಲಿ ಹೇಳಿದ ಮಾತು ಹೋಗುತ್ತದೆ. ಬಾ ಎನ್ನದಿದ್ದರೆ ತಂಗಿ ಬರುವುದಿಲ್ಲ. ಅವರು ಅಲ್ಲಿ ಎಷ್ಟು ಹೊತ್ತು ನಿಂತರೋ... ಹಿಂದೆ ಇಬ್ಬರು ಮನಿಯಾರ್ಡರಿಗೆ ಕಾಯುತ್ತಿದ್ದುದು ನೆನಪಿದೆ. ಕೊನೆಗೆ ನನ್ನ ಪೆನ್ನು ಕೇಳಿ ತೆಗೆದುಕೊಂಡು ಆ ಒಂದು ಅಕ್ಷರವನ್ನು ಓದಲಾಗದಷ್ಟು ಹೊಡೆದು ಹಾಕಿದರು. ಮಾಸ್ಟ್ರು ಕಾರ್ಡನ್ನು ತಿರುಗಿಸಿ, ನಕ್ಷತ್ರದ ಕಿಂಡಿಯೊಳಗಿನ ನೇರಳೆ ಹೂವನ್ನು ನೋಡಿದರು. ಜಗಳದ ಕತೆ ಅವರಿಗೂ ಗೊತ್ತಿತ್ತು.

"ಹೂವನ್ನು ಶಬ್ದ ಅಂತ ಎಣಿಸುವ ರೂಲು ನನ್ನ ಪುಸ್ತಕದಲ್ಲಿ ಇಲ್ಲ," ಎಂದು ಹೇಳಿ ತಾವೇ ಸೀಲು ಹೊಡೆದರು.

ಬೆಳ್ಳಾರೆಯಿಂದ ಕಡಬಕ್ಕೆ ಹಠ ಹಿಡಿದು ನಡೆದರೆ ಒಂದು ದಿನದ ದಾರಿ. ಅಂಚೆಗೆ ಪುತ್ತೂರು ಸುತ್ತಿ ಮೂರು ದಿನ. ಚೀಲಕ್ಕೆ ನಾನೇ ದಾರ ಕಟ್ಟಿದೆ. ಮೂರು ದಿನ ಕಳೆಯಿತು, ಆರು ಕಳೆಯಿತು. ಬಾಯಮ್ಮ ಕೇಳಲಿಲ್ಲ, ಆದರೆ ಟಪ್ಪಾಲು ಬಂದ ಹೊತ್ತಿಗೆ ಸರಿಯಾಗಿ ಅವರ ನೂಲು ಮುಗಿದು ಪೇಟೆಗೆ ಬರಬೇಕಾಗುತ್ತಿತ್ತು. ಮನೆಯಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಶಾಯಿ ಕುಡಿದ ಅಚ್ಚನ್ನು ಬೂದಿ ಹಾಕಿ, ಹುಣಸೆ ಹುಳಿ ಹಾಕಿ, ತೆಂಗಿನ ನಾರಿನಲ್ಲಿ ನಾನು ತಿಕ್ಕಿದ್ದೇ ತಿಕ್ಕಿದ್ದು. ಕೈ ನೇರಳೆಯಾಯಿತು, ಬಾವಿಕಟ್ಟೆ ನೇರಳೆಯಾಯಿತು. ಅಚ್ಚಿನ ಸಂದಿನಲ್ಲಿ ಮಾತ್ರ ಶಾಯಿ ಹಾಗೇ ಕೂತಿತ್ತು.

ಹಬ್ಬದ ಮುನ್ನಾದಿನ ಮಧ್ಯಾಹ್ನದ ಬಸ್ಸು ಅಂಚೆ ಕಚೇರಿಯ ಎದುರು ನಿಂತಿತು. ಟಪ್ಪಾಲು ಚೀಲ ಇಳಿಸಿಕೊಳ್ಳಲು ನಾನು ಹೊರಗೆ ಬಂದೆ. ಕಂಡಕ್ಟರನಿಗೂ ಒಬ್ಬ ಹೆಂಗಸಿಗೂ ಬಾಗಿಲಲ್ಲೇ ವಾದ. ಪುತ್ತೂರಿನಿಂದ ಇಲ್ಲಿಯವರೆಗೆ ಈ ಅಮ್ಮ ಪಾತ್ರೆ ಹಿಡಿದು ಎರಡು ಸೀಟು ಕೂತಿದ್ದಾರೆ ಎಂದು ಅವನು ಸುತ್ತ ನಿಂತವರಿಗೆ ಹೇಳುತ್ತಿದ್ದ. ಹೆಂಗಸಿನ ತೊಡೆಯೆತ್ತರಕ್ಕೆ ಬರುವ ಅಲ್ಯುಮಿನಿಯಂ ಪಾತ್ರೆ; ಬಾಯಿಗೆ ಬಾಳೆ ಎಲೆ, ಅದರ ಮೇಲೆ ಬಟ್ಟೆ, ಬಟ್ಟೆಗೆ ಹಗ್ಗ. ಆದರೂ ಸೀರೆಯ ಅಂಚಿಗೆ ಬಿಳಿ ಹಿಟ್ಟು ತುಳುಕಿತ್ತು.

"ಚೆಲ್ಲಿದ್ದು ನನ್ನ ಸೀರೆಗೆ. ನಿನ್ನ ಬಸ್ಸು ತೊಳೆದ ಹಾಗೆಯೇ ಉಂಟು, ನೋಡು," ಎಂದಳು ಹೆಂಗಸು. ನಾನು ಅವಳನ್ನು ಕಂಡಿರಲಿಲ್ಲ. ಆದರೆ ಮಾತಾಡುವಾಗ ಬಲಗೈ ಸೊಂಟಕ್ಕೆ ಹೋದ ರೀತಿ ಬಾಯಮ್ಮನದೇ.

ಪಾತ್ರೆಯ ಒಂದು ಕಿವಿ ಹಿಡಿದು ನಾನೂ ಜೊತೆಗೆ ಹೋದೆ. ಆದ್ದರಿಂದ ಮುಂದಿನದು ಕಣ್ಣಾರೆ ಕಂಡದ್ದು. ಬಾಯಮ್ಮ ಜಗಲಿಯಲ್ಲಿದ್ದರು. ಎದ್ದರು. ಮೊದಲು ಬಾಯಿ ತೆರೆದದ್ದು ತಂಗಿ. ಅವರ ಮಾತು ಕೊಂಕಣಿ, ಅರ್ಥ ಇಷ್ಟು:

"ಅಚ್ಚು ನಿನ್ನ ಹತ್ತಿರ ಉಂಟಲ್ಲ. ಹಿಟ್ಟು ತಂದೆ. ತೆಂಗಿನಕಾಯಿ ಆದರೂ ಉಂಟಾ, ಅದೂ ನಾನೇ ತರಬೇಕಿತ್ತಾ?"

ಬಾಯಮ್ಮ ನಕ್ಕರು, ನಗುತ್ತ ನಗುತ್ತ ಕನ್ನಡಕ ತೆಗೆದರು. ಆಮೇಲೆ ಒಳಗೆ ಹೋದವರ ಮಾತು ನಿಲ್ಲಲೇ ಇಲ್ಲ. ತೆಂಗಿನಕಾಯಿ ತುರಿಯುವ ಸದ್ದಿನ ಮೇಲೆ ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು. ಯಾರು ಯಾರದನ್ನು ಕೇಳಿಸಿಕೊಂಡರೋ ನನಗೆ ಗೊತ್ತಿಲ್ಲ. ಎಣ್ಣೆ ಕಾಯಿತು. ಮೊದಲ ಹೂವು ತೇಲಿ ಬಂದಾಗ ಅದರ ಎಸಳಿನ ಅಂಚುಗಳು ನಸು ನೇರಳೆ. ಎರಡನೆಯದೂ ಹಾಗೆಯೇ. ತಂಗಿ ಒಂದನ್ನು ಮೂಗಿನ ಹತ್ತಿರ ಹಿಡಿದು, ಇದರಲ್ಲಿ ಪೋಸ್ಟಾಫೀಸಿನ ವಾಸನೆ ಉಂಟು ಎಂದಳು. ಬಾಯಮ್ಮ ನನ್ನ ಕಡೆ ಬೆರಳು ತೋರಿಸಿದರು. ಒಂದು ಡಜನು ಹೂವು ತಿಪ್ಪೆಗೆ ಹೋದವು, ಎಣ್ಣೆಯೂ ಹೋಯಿತು. ಹೊಸ ಎಣ್ಣೆಯಲ್ಲಿ ಹದಿಮೂರನೆಯದು ಬಿಳಿಯಾಗಿ ಬಂತು. ತುದಿ ಮುರಿದ ಎಸಳಿನ ಆ ಹೂವನ್ನು ಇಬ್ಬರೂ ಅರ್ಧ ಅರ್ಧ ಮಾಡಿ ತಿಂದರು. ನನಗೆ ಹದಿನಾಲ್ಕನೆಯದು ಸಿಕ್ಕಿತು.

ಅಲ್ಲಿಂದ ಮುಂದೆ ಅಚ್ಚು ಒಂದು ವರ್ಷ ಬೆಳ್ಳಾರೆಯಲ್ಲಿ, ಒಂದು ವರ್ಷ ಕಡಬದಲ್ಲಿ. ಕಾರ್ಡಿನ ಮೇಲಿನ ಹೂವು ನಿಲ್ಲಲಿಲ್ಲ, ಆದರೆ ಶಾಯಿ ಮತ್ತೆ ಅಚ್ಚನ್ನು ಮುಟ್ಟಲಿಲ್ಲ. ತೆಂಗಿನ ಎಣ್ಣೆಯಲ್ಲಿ ಅದ್ದಿ ರಟ್ಟಿಗೆ ಒತ್ತುವುದು. ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ಹೂವು. ಅರವತ್ತರ ದಶಕದ ಆರಂಭದಲ್ಲಿ ನಾನು ಅಂಚೆ ಕೆಲಸ ಬಿಟ್ಟು ಮಂಗಳೂರಿನ ಒಂದು ಪತ್ರಿಕೆಗೆ ಸೇರಿದೆ. ತಲೆಬರಹ ಬರೆಯುವಾಗಲೆಲ್ಲ ಐದು ಶಬ್ದದ ಲೆಕ್ಕ ಬೆರಳಿಗೆ ತಾನೇ ಬರುತ್ತಿತ್ತು. ಪ್ರತಿ ಡಿಸೆಂಬರಿನಲ್ಲಿ ನನ್ನ ಮೇಜಿಗೆ ಬಾಯಮ್ಮನ ಕಾರ್ಡು ಬರುತ್ತಿತ್ತು, ಅಂಟು ಹಾಕದ ಲಕೋಟೆಯಲ್ಲಿ, ಒಂಟೆಯ ಮುದ್ರೆಯ ಜೊತೆ. ಅದು ಇನ್ನೂ ಹೋರಿಯೇ ಆಗಿತ್ತು.

ಆ ದಶಕ ಮುಗಿಯುವ ಹೊತ್ತಿಗೆ ಬಂದದ್ದು ಈ ಕಾರ್ಡು. ಲಕೋಟೆಗೆ ಅಂಟು ಹಾಕಿತ್ತು, ಕಾಗದದ ಪೂರ್ತಿ ಸ್ಟ್ಯಾಂಪು ಹಚ್ಚಿತ್ತು. ಒಳಗೆ ಒಂದೇ ಶಬ್ದ. ಅದರ ಅರ್ಥ ನನಗೆ ಗೊತ್ತಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ವಾರ ಪತ್ರಿಕೆಯ ಕಚೇರಿಯಲ್ಲಿ ಇಬ್ಬರು ರಜೆಯಲ್ಲಿದ್ದರು. ಬರುವ ವರ್ಷ ಹೋದರಾಯಿತು ಎಂದುಕೊಂಡೆ.

ಬರುವ ವರ್ಷದ ಕಾರ್ಡು ತಂಗಿಯ ಅಕ್ಷರದಲ್ಲಿತ್ತು. ಅಕ್ಕ ಇಲ್ಲ. ಅಚ್ಚು ನನ್ನಲ್ಲಿ ಉಂಟು. ಐದೇ ಶಬ್ದ, ಆದರೆ ಸಮಾಚಾರ. ಅದಕ್ಕೂ ಪೂರ್ತಿ ಸ್ಟ್ಯಾಂಪು. ಆ ಸಲ ನಾನು ಕಡಬಕ್ಕೆ ಹೋದೆ. ಕೊಕ್ಕಿಸ್ ತಿಂದೆ, ಅಚ್ಚನ್ನು ಕೈಯಲ್ಲಿ ಹಿಡಿದು ನೋಡಿದೆ. ಸಂದಿನಲ್ಲಿ ಒಂದು ಕೂದಲೆಳೆಯಷ್ಟು ನೇರಳೆ ಇನ್ನೂ ಇತ್ತು. ಈಗ ತಂಗಿಯೂ ಇಲ್ಲ. ಅಚ್ಚು ಯಾರ ಮನೆಯಲ್ಲಿದೆಯೋ ತಿಳಿಯದು.

ಕಾರ್ಡನ್ನು ಇನ್ನೊಮ್ಮೆ ಕಿಟಕಿಗೆ ಹಿಡಿದೆ. ಎಂಟು ಎಸಳು, ಒಂದರ ತುದಿ ಇಲ್ಲ. ಕಡತಕ್ಕೆ ಮತ್ತೆ ಹಾಕಿ ದಾರ ಕಟ್ಟಿದ ಮೇಲೆ ಬೆರಳಿನಲ್ಲಿ ಎಣ್ಣೆಯ ವಾಸನೆ ಉಳಿದಿತ್ತು. ಊಟದ ಹೊತ್ತಿನವರೆಗೆ ಕೈ ತೊಳೆಯಲಿಲ್ಲ.