ಮೂರು ರಾಡು, ಒಂದು ನಟ್ಟು, ಕಾದು ನಿಂತ ಮದುಮಗ

ಮಹಾಜನರೇ, ಇಂದು ಅಶೋಕಪುರಂನ ನಮ್ಮ ಮೋಟಾರು ಷೆಡ್ಡಿನಲ್ಲಿ ಒಂದು ಮದುವೆ ಸ್ವಲ್ಪದರಲ್ಲಿ ನಿಂತುಹೋಗುತ್ತಿತ್ತು. ಬೋಗಾದಿಗೆ ಹೊರಟ ದಿಬ್ಬಣದ ಬಸ್ಸು ಪಂಕ್ಚರ್. ಮುಹೂರ್ತ ಹತ್ತಿರ. ಚಕ್ರದ ಒಂದು ನಟ್ಟು ಮಾತ್ರ ಬಿಚ್ಚಲೊಲ್ಲದು.

ಮೇಸ್ತ್ರಿ ಚನ್ನಪ್ಪನವರು ಹೊಸದಾಗಿ ಬಂದ, ಗಾಳಿಯ ಒತ್ತಡದಿಂದ ಏಟು ಹಾಕಿ ನಟ್ಟು ತಿರುಗಿಸುವ ಗಾಳಿ ಗನ್ನಿನ ಮೂತಿಗೆ ಉದ್ದನೆಯ ರಾಡು ಸಿಕ್ಕಿಸಿ, ತುದಿಗೆ ನಟ್ಟು ಹಿಡಿಯುವ ಸಾಕೆಟ್ಟು ಹಾಕಿ ಒತ್ತಿದರು. ಗನ್ನು ಗಡಗಡ ಅಂದಿತು, ನಟ್ಟು ಅಲುಗಲಿಲ್ಲ.

"ಇನ್ನೊಂದು ರಾಡ್ ತಗೊಂಡ್ ಬಾರ್ಲಾ. ಸ್ಪಾನರ್‌ಗೆ ಪೈಪ್ ಹಾಕುದ್ರೆ ಬಲ ಬರಾಕಿಲ್ವಾ? ಅಂಗೇ ಇದೂವೆ."

"ಅದು ಕೈಲಿ ತಿರುಗ್ಸೋವಾಗ ಕಣಣ್ಣ. ಇಲ್ಲಿ ಗನ್ನಿನ ಏಟೆಲ್ಲ ರಾಡೇ ನುಂಗ್ಬುಡ್ತದೆ," ಅಂದೆ ಅವರ ಕೈಕೆಳಗಿನ ನಾನು.

"ನೀನೇನ್ಲಾ ನಂಗೆ ಹೇಳ್ಕೊಡೋದು?"

ಮೂರನೆಯ ರಾಡೂ ಸೇರಿತು. ರಾಡುಗಳು ನುಲಿದು ನಡುಗಿದವು; ನಟ್ಟು ತಪಸ್ಸಿನಲ್ಲಿತ್ತು. ಬಾಸಿಂಗ ಕಟ್ಟಿದ ಮದುಮಗನೇ ಇಳಿದು ಬಂದು, "ಅಣ್ಣಾ, ನಡ್ಕೊಂಡೇ ಓಗ್ಬುಡ್ಲಾ?" ಅಂದ.

ತಡೆಯಲಾರದೆ ಗನ್ನು ಕಿತ್ತುಕೊಂಡೆ. ರಾಡುಗಳನ್ನೆಲ್ಲ ತೆಗೆದು, ಸಾಕೆಟ್ಟನ್ನು ಮೂತಿಗೇ ಹಾಕಿ ಒತ್ತಿದೆ. ನಟ್ಟು ಬಿಚ್ಚಿಕೊಂಡಿತು.

"ನೋಡ್ದಾ? ನಾನು ಸಡ್ಲ ಮಾಡಿಟ್ಟಿದ್ದಕ್ಕೆ ಬಂತು," ಅಂದರು ಮೇಸ್ತ್ರಿ.

ಬಸ್ಸು ಹೊರಟ ಮೇಲೆ ಮೂರೂ ರಾಡುಗಳನ್ನು ಒರೆಸಿ, ಕುಂಕುಮವಿಟ್ಟು, ಹೂ ಮುಡಿಸಿ, ಮೇಸ್ತ್ರಿಗಳ ಸ್ಟೂಲಿನ ಮೇಲೆ ಭಕ್ತಿಯಿಂದ ಇಟ್ಟಿದ್ದೇನೆ. ಬಲ ಸಾಲದಿದ್ದರೆ ಮೇಸ್ತ್ರಿಗಳ ಅಪ್ಪಣೆಯಾಗಲಿ, ಬೋಗಾದಿಯವರೆಗೂ ರಾಡು ಜೋಡಿಸಿಕೊಡುತ್ತೇನೆ.