ಸಾಸ್ವೆಹಳ್ಳಿಯ ಬಾಣಂತಿ ಕೋಣೆ

ಕರಾವಳಿಯ ಮರಳಿನಲ್ಲಿ ಸಹಜವಾಗಿಯೇ ಇರುವ ವಿಕಿರಣವನ್ನು ಅಳೆಯುವುದು ನನ್ನ ಕೆಲಸವಾಗಿತ್ತು. ಎಪ್ಪತ್ತರ ದಶಕದ ಕೊನೆಯಲ್ಲೊಮ್ಮೆ, ಹೋಲಿಕೆಗೆಂದು ತುಂಗಭದ್ರೆಯ ಮರಳನ್ನೂ ಅಳೆಯಲು ಸಾಸ್ವೆಹಳ್ಳಿಗೆ ಹೋಗಿದ್ದೆ. ಹೊಳೆದಂಡೆಯಲ್ಲಿ ಎಲ್ಲವೂ ಮಾಮೂಲಾಗಿತ್ತು. ಅದೇ ಮರಳಿನಿಂದ ಗಿಲಾವು ಮಾಡಿದ ಮನೆಯೊಂದನ್ನೂ ನೋಡೋಣವೆಂದು ಗೌರಮ್ಮ ಎಂಬುವರ ಮನೆಗೆ ಹೋದೆ. ಅವರ ಮಗಳು ಹಸುಗೂಸಿನೊಂದಿಗೆ ಮಲಗಿದ್ದ ಕೋಣೆಯಲ್ಲಿ ಯಂತ್ರದ ಮುಳ್ಳು ತಟ್ಟನೆ ಮೇಲೆದ್ದಿತು.

"ಇಲ್ಲಿ ವಿಕಿರಣ ಸ್ವಲ್ಪ ಜಾಸ್ತಿ ಇದೆ" ಎಂದೆ, ದೊಡ್ಡ ಜಾಣನಂತೆ.

"ಕೂಸಿಗೆ ಏನಾರ ಆಗ್ತೈತೇನ್ರೀ?" ಗೌರಮ್ಮ ಕೇಳಿದರು.

"ಈಗಲೇ ಹೇಳೋಕಾಗಲ್ಲ" ಎಂದು ಹೊರಟುಬಿಟ್ಟೆ.

ಸಂಜೆ ಹೊನ್ನಾಳಿಯ ಲಾಡ್ಜಿನಲ್ಲಿ ಕೈಯಿಂದ ವಾಚು ಬಿಚ್ಚಿ ಯಂತ್ರದ ಪಕ್ಕ ಇಟ್ಟೆ. ಮುಳ್ಳು ಮತ್ತೆ ಎದ್ದಿತು. ಕತ್ತಲಲ್ಲಿ ಹೊಳೆಯಲೆಂದು ಅಂಕಿಗಳಿಗೆ ವಿಕಿರಣ ಸೂಸುವ ರೇಡಿಯಂ ಬಳಿದ ವಾಚು ಅದು. ಹೊಳೆದಂಡೆಯಲ್ಲಿ ಯಂತ್ರವನ್ನು ನೆಲದ ಮೇಲಿಟ್ಟಿದ್ದೆ. ಕೋಣೆಯಲ್ಲಿ ಮಾತ್ರ ವಾಚು ಕಟ್ಟಿದ ಕೈಯಲ್ಲೇ ಹಿಡಿದಿದ್ದೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಓಡಿದೆ. ಬಾಣಂತಿಯನ್ನು ಕೂಸಿನ ಸಮೇತ ದನದ ಕೊಟ್ಟಿಗೆಗೆ ಸಾಗಿಸಿದ್ದರು. ಗೌರಮ್ಮನವರ ಗಂಡ ಕೋಣೆಯ ಅರ್ಧ ಗೋಡೆಯ ಗಿಲಾವನ್ನು ಕೆತ್ತಿ ಹಾಕಿದ್ದರು. ನಿಜ ಹೇಳಲೆಂದೇ ಬಾಯಿ ತೆರೆದೆ.

"ಯಂತ್ರ ಕೆಟ್ಟಿತ್ತು. ಕೋಣೇಲಿ ಏನೂ ಇಲ್ಲ" ಎಂದೆ.

"ಮಿಷನ್ ಕೆಟ್ರೆ ನೀವೇನು ಮಾಡಾಕಾಗ್ತೈತ್ರೀ? ಹೇಳಾಕೆ ಅಂತ ಹೊನ್ನಾಳಿಯಿಂದ ಬಂದ್ರಲ್ಲ, ದೊಡ್ಡ ಮನಸು ನಿಮ್ದು. ಕುತ್ಕಳ್ರಿ, ಮಜ್ಜಿಗೆ ಕುಡೀರಿ" ಎಂದರು ಗೌರಮ್ಮ.

ತಲೆ ಎತ್ತದೆ ಕುಡಿದೆ. ಜೇಬಿನಲ್ಲಿದ್ದ ವಾಚನ್ನು ತೆಗೆದು ತೋರಿಸುವ ಧೈರ್ಯ ಬರಲಿಲ್ಲ. ವರದಿಯಲ್ಲೂ ಯಂತ್ರದ ದೋಷವೆಂದೇ ಬರೆದೆ. ಪುಣ್ಯಕ್ಕೆ ಯಂತ್ರಕ್ಕೆ ಬಾಯಿರಲಿಲ್ಲ.