ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು

ನಾಯಕರು ನಮ್ಮ ಮನೆಗೆ ಬರಲಿ ಎಂದು ಒಪ್ಪಿಕೊಂಡವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ತಪ್ಪನ್ನು ಗಂಡನ ಮೇಲೆ ಹಾಕಿ ನೋಡಿದೆ, ಊರಿನ ಮುಖಂಡರ ಮೇಲೆ ಹಾಕಿ ನೋಡಿದೆ. ಎಲ್ಲಿ ಹಾಕಿದರೂ ನಿಲ್ಲದೆ ನನ್ನ ಹತ್ತಿರಕ್ಕೇ ವಾಪಸ್ ಬಂತು.

ಮೇಲೂರಿನಿಂದ ಸ್ವಲ್ಪ ಆಚೆ ನಮ್ಮೂರು. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಅತಿಥಿ ಅಂದರೆ ಏನೋ ಮರ್ಯಾದೆಯ ಮಾತು ಅಂದುಕೊಳ್ಳಬೇಡಿ. ಪ್ರತಿ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಕಾಯುವ ಕೆಲಸ. ನಮ್ಮ ಊರಿನ ಮುಖಂಡರು ಶಾಲೆಯ ಸಮಿತಿಯಲ್ಲೂ ಇದ್ದರು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, ನಾಯಕರು ಚುನಾವಣೆ ಪ್ರಚಾರಕ್ಕೆ ಶಿಡ್ಲಘಟ್ಟಕ್ಕೆ ಬರುತ್ತಿದ್ದಾರೆ, ರೇಷ್ಮೆ ಬೆಳೆಯುವ ಒಂದು ಮನೆಗೆ ಹೋಗಬೇಕಂತೆ, ನಿಮ್ಮ ಅತ್ತೆಯವರ ಹುಳುಮನೆಯಷ್ಟು ಚೊಕ್ಕವಾದದ್ದು ಈ ಸುತ್ತಿನಲ್ಲಿ ಇಲ್ಲ, ಹತ್ತೇ ನಿಮಿಷ ಅಂದರು. ನನಗೆ ಮುಂದಿನ ಜೂನ್ ಕಣ್ಣಿಗೆ ಬಂತು. ಅದಕ್ಕೇನಂತೆ ಸರ್, ಬರಲಿ ಅಂದುಬಿಟ್ಟೆ. ಹುಳು ಯಾವ ಹಂತದಲ್ಲಿದೆ ಅಂತ ಯೋಚನೆ ಮಾಡಲಿಲ್ಲ, ಅತ್ತೆಯನ್ನು ಒಂದು ಮಾತು ಕೇಳೋಣ ಅನ್ನಿಸಲೂ ಇಲ್ಲ.

ಹುಳುಮನೆಗೆ ಯಾರು ಕಾಲಿಡಬೇಕು ಅನ್ನುವುದು ನಮ್ಮತ್ತೆಯ ಮಾತು. ನಾನು ಗೌರಿಬಿದನೂರಿನ ಕಡೆಯವಳು, ನಮ್ಮಲ್ಲಿ ಹುಳು ಸಾಕುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಮುಖಕ್ಕೆ ಪೌಡರ್ ಹಾಕಿಕೊಂಡು ಒಳಗೆ ಇಣುಕಿದ್ದಕ್ಕೆ ಅತ್ತೆ ನನ್ನನ್ನು ರಟ್ಟೆ ಹಿಡಿದು ಆಚೆ ಬಿಟ್ಟಿದ್ದರು. ಊದುಬತ್ತಿ ಹೊಗೆ ಆಗದು, ಸೊಳ್ಳೆ ಬತ್ತಿ ಆಗದು, ಸೆಂಟು ಆಗದು. ಹೊರಗಿನ ಚಪ್ಪಲಿ ಆಗದು. ನೆಂಟರು ಎಷ್ಟೇ ಬೇಕಾದವರಿರಲಿ, ಬಾಗಿಲಾಚೆ ನಿಂತೇ ಮಾತಾಡಿಸಿ ಹೋಗಬೇಕು. ಒಂದು ಸಲ ನನ್ನ ಸ್ವಂತ ತಮ್ಮ ಮುನಿಸಿಕೊಂಡು ಕಾಫಿ ಕುಡಿಯದೆ ಹೋದ, ಅತ್ತೆಗೆ ಅದೇನೂ ತಟ್ಟಲಿಲ್ಲ.

ಆ ಬೆಳೆಗೆ ಇನ್ನೊಂದು ಗಂಟು ಬಿದ್ದಿತ್ತು. ಅದರ ಹಿಂದಿನ ಬೆಳೆ ಕೈಗೆ ಹತ್ತಿರಲಿಲ್ಲ. ಅತ್ತೆಯ ಮಂಡಿ ನೋವು ಬೇರೆ. ನನ್ನ ಗಂಡ ಚಿಕ್ಕಬಳ್ಳಾಪುರದ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾರೆ, ಸಾಕು ಬಿಡಮ್ಮ, ಹುಳು ಸಾಕುವ ಸ್ಟ್ಯಾಂಡೆಲ್ಲ ಬಿಚ್ಚಿ ಹುಳುಮನೆ ಶೆಡ್ಡನ್ನು ಬಾಡಿಗೆಗೆ ಕೊಡೋಣ ಅಂತ ತಿಂಗಳಿಂದ ಹೇಳುತ್ತಿದ್ದರು. ಇದೊಂದು ಬೆಳೆ ನೋಡೋ, ಇದು ಕೆಟ್ಟರೆ ನೀನು ಹೇಳಿದ ಹಾಗೆ ಅಂತ ಅತ್ತೆ ಒಪ್ಪಿಸಿದ್ದರು. ಹುಳು ಬಿಟ್ಟರೆ ಅತ್ತೆಗೆ ಬೇರೆ ದಿನಚರಿಯೇ ಇಲ್ಲ. ಬೆಳಗಿನ ಜಾವ ಹಿಪ್ಪುನೇರಳೆ ಸೊಪ್ಪು, ಮಧ್ಯಾಹ್ನ ಸೊಪ್ಪು, ಸಂಜೆ ಸೊಪ್ಪು, ನಡುವೆ ಹುಳುಗಳ ಜೊತೆ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತು. ಅದನ್ನು ತೆಗೆದರೆ ಈ ಹೆಂಗಸು ಎದ್ದು ಏನು ಮಾಡುತ್ತಾರೆ ಎಂದು ನನಗೆ ನಿಜವಾಗಿಯೂ ಭಯವಿತ್ತು.

ಸಂಜೆ ವಿಷಯ ಹೇಳಿದಾಗ ಅತ್ತೆ ಬೈಯಲಿಲ್ಲ. ಬೆರಳು ಮಡಿಸಿ ದಿನ ಎಣಿಸಿದರು. ನಾಯಕರು ಬರುವ ದಿವಸ ಹುಳು ನಾಲ್ಕನೇ ಜ್ವರಕ್ಕೆ ಕೂತಿರುತ್ತೆ ಅಂದರು.

ರೇಷ್ಮೆ ಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಚರ್ಮ ಬಿಡುತ್ತದೆ. ಚರ್ಮ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಅದಕ್ಕೇ ನಮ್ಮ ಕಡೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಜಾಗ ಕದಲಿಸಬಾರದು. ಸುಣ್ಣದ ಪುಡಿ ಉದುರಿಸಿ, ಗಾಳಿ ಆಡಲು ಬಿಟ್ಟು, ಸುಮ್ಮನೆ ಇದ್ದುಬಿಡಬೇಕು. ಎಲ್ಲ ಎದ್ದ ಮೇಲೆ ಒಟ್ಟಿಗೆ ಸೊಪ್ಪು ಕೊಡಬೇಕು. ನಾಲ್ಕನೇ ಜ್ವರದಲ್ಲಿ ಎಡವಟ್ಟಾದರೆ ಅಲ್ಲಿಯವರೆಗೆ ಮಾಡಿದ ಚಾಕರಿಯೆಲ್ಲ ತಿಪ್ಪೆಗೆ ಹೋದಂತೆಯೇ.

ಮಾರನೆಯ ದಿನವೇ ಮುಖಂಡರ ಹತ್ತಿರ ಹೋಗಿ ಎರಡು ದಿನ ಮುಂದಕ್ಕೆ ಹಾಕಿಸಿ ಎಂದು ಬೇಡಿಕೊಂಡೆ. ಅವರು ನಕ್ಕರು. ನಾಯಕರ ದಿನಚರಿಯನ್ನು ಹುಳು ನೋಡಿ ಬದಲಾಯಿಸಲಿಕ್ಕಾಗುತ್ತಾ ಮೇಡಂ, ಅವರೇ ಹುಳುಮನೆಯಲ್ಲಿ ಹುಟ್ಟಿ ಬೆಳೆದವರು, ಅವರಿಗೆ ಎಲ್ಲ ಗೊತ್ತಿರುತ್ತೆ ಅಂದರು. ನನಗೆ ಅದನ್ನು ಕೇಳಿ ಇನ್ನಷ್ಟು ದಿಗಿಲಾಯಿತು.

ಯಾಕೆಂದರೆ ಆ ಮನುಷ್ಯನ ಬಾಲ್ಯದ ಬಗ್ಗೆ ನಾನು ಆಗಲೇ ಬೇಕಾದಷ್ಟು ಕೇಳಿದ್ದೆ. ಈಗ ಅವರಿಗೆ ಕಾಲೇಜುಗಳಿದ್ದವು, ಕಲ್ಲಿನ ಕ್ವಾರಿಗಳಿದ್ದವು, ಬೆಟ್ಟದ ಬುಡದಲ್ಲಿ ರೆಸಾರ್ಟ್ ಇತ್ತು. ಆದರೆ ಮೈಕ್ ಹಿಡಿದರೆ ಬಡತನವೇ. ಗೌರಿಬಿದನೂರಿನ ಸಭೆಯಲ್ಲಿ, ಬರಿಗಾಲಲ್ಲಿ ತೊಂಡೇಬಾವಿಯ ರೈಲು ಹಳಿ ಪಕ್ಕ ನಡೆದು ಶಾಲೆಗೆ ಹೋದವನು ನಾನು ಅಂದಿದ್ದರು. ಚಿಂತಾಮಣಿಗೆ ಬಂದರೆ ಕೆಂಚಾರ್ಲಹಳ್ಳಿಯ ಸೋದರಮಾವನ ಮನೆಯಲ್ಲಿ ರಾಗಿ ಅಂಬಲಿ ಕುಡಿದು ಬೆಳೆದವರು. ಶಿಡ್ಲಘಟ್ಟಕ್ಕೆ ಬಂದರೆ ಹುಳುಮನೆ. ಒಬ್ಬನೇ ಹುಡುಗ ಮೂರು ತಾಲ್ಲೂಕಿನ ಕಷ್ಟವನ್ನು ಯಾವಾಗ ಪಟ್ಟ ಎಂದು ನಾನು ಮನೆಯಲ್ಲಿ ಗೇಲಿ ಮಾಡುತ್ತಿದ್ದೆ. ಅತ್ತೆಗೆ ಅದು ಹಿಡಿಸುತ್ತಿರಲಿಲ್ಲ. ಹುಳ ಸಾಕಿದೋರ ಮನೇಲಿ ಹುಟ್ಟಿದೋನು ದೊಡ್ಡೋನಾಗಬಾರದಾ ಎಂದು ಕೇಳುತ್ತಿದ್ದರು.

ಆ ದಿನ ಬೆಳಿಗ್ಗೆ ಅತ್ತೆ ಬಾಗಿಲಿಗೆ ಹೊಸದಾಗಿ ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ, ಕೈ ತೊಳೆಯಲು ಬಕೆಟ್ ಇಟ್ಟು, ಸೀರೆ ಬದಲಾಯಿಸಿಕೊಂಡು ನಿಂತಿದ್ದರು. ಒಳಗೆ ಹುಳುಗಳು ತಲೆ ಎತ್ತಿ ಕೂತಿದ್ದವು. ಒಂದಾದರೂ ಅಲ್ಲಾಡುತ್ತಿರಲಿಲ್ಲ. ಸದಾ ಸೊಪ್ಪು ಮೇಯುವ ಸದ್ದಿರುವ ಆ ಕೋಣೆಯಲ್ಲಿ ಅಷ್ಟು ನಿಶ್ಶಬ್ದವೆಂದರೆ ನನಗೆ ಯಾವಾಗಲೂ ಹೆದರಿಕೆ.

ಹನ್ನೊಂದರ ಸುಮಾರಿಗೆ ಕಾರುಗಳು ಬಂದವು. ನಾಯಕರ ಕೊರಳಲ್ಲಿ ಮೂರು ಸೇವಂತಿಗೆ ಹಾರ. ಅದನ್ನು ನೋಡಿದ ಕೂಡಲೇ ನನಗೆ ಔಷಧಿಯ ನೆನಪಾಯಿತು. ನಮ್ಮ ಕಡೆ ಹೂವಿನ ತೋಟಗಳಿಗೆ ಹುಳಕ್ಕೆ ಔಷಧಿ ಹೊಡೆಯದೆ ಹೂವು ನಿಲ್ಲುವುದಿಲ್ಲ, ಆ ಔಷಧಿಗೆ ಹೂವಿನ ಹುಳು ಬೇರೆ, ರೇಷ್ಮೆ ಹುಳು ಬೇರೆ ಅಂತ ಇಲ್ಲ. ಪಕ್ಕದಲ್ಲಿದ್ದ ಪಿಎಗೆ, ಸರ್, ಹಾರ ತೆಗೆದು ಒಳಗೆ ಹೋದರೆ ಚೆನ್ನಾಗಿರುತ್ತೆ ಅಂದೆ. ಅವರು ಆಗಲಿ ಆಗಲಿ ಅಂದರು. ಕ್ಯಾಮೆರಾದವನು ಹಾರ ಇರಲಿ, ಬಿಳಿ ಅಂಗಿ ಮೇಲೆ ಹಳದಿ ಚೆನ್ನಾಗಿ ಬರುತ್ತೆ ಅಂದ. ಹಾರ ಇತ್ತು.

ಅತ್ತೆ ಬಾಗಿಲಲ್ಲಿ ಕೈ ಜೋಡಿಸಿ ನಿಂತರು. ಅಷ್ಟು ದೊಡ್ಡ ಮನುಷ್ಯನ ಮುಂದೆ ಅವರ ದನಿ ಸಣ್ಣದಾಗಿತ್ತು, ಆದರೆ ಹೇಳಬೇಕಾದದ್ದನ್ನು ಬಿಡಲಿಲ್ಲ.

"ನಾಲ್ಕನೇ ಜ್ವರಕ್ಕೆ ಕೂತವೆ ಸ್ವಾಮಿ. ಇವತ್ತು ಸೊಪ್ಪು ಹಾಕಂಗಿಲ್ಲ. ಇಲ್ಲಿಂದಾನೇ ನೋಡಿ."

ನಾಯಕರು ಅತ್ತೆಯ ಭುಜದ ಮೇಲೆ ಕೈ ಇಟ್ಟರು. ಕ್ಯಾಮೆರಾಗಳ ಕಡೆಗೆ ಒಂದು ಸಲ ನೋಡಿದರು.

"ಹುಳದ ಮನೆ ಮಗಂಗೆ ಹುಳದ ವಿಷ್ಯ ಹೇಳ್ತೀಯೇನಮ್ಮ?" ಅಂದರು.

ಎಲ್ಲರೂ ನಕ್ಕರು. ಅತ್ತೆಯೂ ನಕ್ಕು ಪಕ್ಕಕ್ಕೆ ಸರಿದರು. ಏನು ಮಾಡುತ್ತಾರೆ ಪಾಪ. ನಾಯಕರ ಹಿಂದೆ ಹತ್ತು ಹನ್ನೆರಡು ಜನ ಒಳಗೆ ನುಗ್ಗಿದರು, ಬಕೆಟ್ಟಿನ ನೀರು ಯಾರೂ ಮುಟ್ಟಲಿಲ್ಲ. ಸೆಂಟಿನ ವಾಸನೆ ಸುಣ್ಣದ ವಾಸನೆಯನ್ನು ನುಂಗಿತು. ಯಾರೋ ಕಣ್ಣು ಕುಕ್ಕುವ ಲೈಟ್ ಹಾಕಿದರು. ಫೋಟೊಗೆಂದು ಮುಖಂಡರ ಕಡೆಯವರು ತಂದಿಟ್ಟಿದ್ದ ಸೊಪ್ಪಿನ ಕಡ್ಡಿಗಳನ್ನು ನಾಯಕರು ಎತ್ತಿಕೊಂಡು ಹುಳುಗಳ ಮೇಲೆ ಹರಡಿದರು. ಸರ್ ಇನ್ನೊಂದ್ ಸಲ ಅಂದ ಕ್ಯಾಮೆರಾದವನು. ಇನ್ನೊಂದು ಸಲ ಹರಡಿದರು. ಆಮೇಲೆ ಒಂದು ಹುಳುವನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡು ಮುಖದ ಹತ್ತಿರ ಹಿಡಿದರು. ಜ್ವರಕ್ಕೆ ಕೂತ ಹುಳು ಸಣ್ಣ ಎಳೆ ಬಿಟ್ಟು ಜಾಗಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ಕೀಳುವಾಗ ಅತ್ತೆ ಕಣ್ಣು ಮುಚ್ಚಿದ್ದನ್ನು ನಾನು ನೋಡಿದೆ. ಹಾರದಿಂದ ಎಸಳುಗಳು ಸ್ಟ್ಯಾಂಡಿನ ಮೇಲೆ ಉದುರಿದವು.

ಆಚೆ ಬಂದು ನಾಯಕರು ಅಂಗಳದಲ್ಲಿ ಮಾತಾಡಿದರು. ಹುಳು ದೊಡ್ಡದಾದಾಗ ಮನೆಯಲ್ಲಿ ಜಾಗ ಸಾಲದೆ ನಮ್ಮಮ್ಮ ಹುಳಕ್ಕೆ ನಡುಮನೆ ಬಿಟ್ಟುಕೊಟ್ಟು ನಮ್ಮನ್ನು ಹಟ್ಟಿಯಲ್ಲಿ ದನದ ಪಕ್ಕ ಮಲಗಿಸುತ್ತಿದ್ದಳು, ನಿಮ್ಮ ಕಷ್ಟ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಂದರು. ಚಪ್ಪಾಳೆ ಬಿತ್ತು. ಕಾರುಗಳು ಹೊರಟವು. ಇಷ್ಟೆಲ್ಲ ಆಗಿದ್ದು ಹತ್ತೇ ನಿಮಿಷದಲ್ಲಿ, ಮುಖಂಡರು ಸುಳ್ಳು ಹೇಳಿರಲಿಲ್ಲ.

ಅತ್ತೆ ಸೀರೆ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದರು. ನಾನೂ ಹೋದೆ. ಇಬ್ಬರೂ ಹುಳು ಕದಲದ ಹಾಗೆ ಒಂದೊಂದೇ ಎಲೆ, ಒಂದೊಂದೇ ಎಸಳು ಎತ್ತಿದೆವು. ಅಳು ಬರುತ್ತಿತ್ತು, ಅತ್ತೆಯ ಮುಂದೆ ಅಳುವ ಮುಖ ನನಗೆಲ್ಲಿತ್ತು? ತಡೆಯಲಾರದೆ, ಅವನೊಬ್ಬ ಪಕ್ಕಾ ಸುಳ್ಳ ಅತ್ತೆ, ಹುಳುಮನೆ ಕಂಡವನಾಗಿದ್ದರೆ ಹೀಗೆ ಮಾಡುತ್ತಿದ್ದನಾ, ಆ ಹಟ್ಟಿಯ ಕತೆಯನ್ನು ಯಾರೋ ಬರೆದುಕೊಟ್ಟಿದ್ದಾರೆ ಅಂದೆ. ಅತ್ತೆ ಇನ್ನೊಂದು ಎಸಳು ಎತ್ತಿಟ್ಟರು. ನಮ್ಮಮ್ಮನೂ ನಮ್ಮನ್ನು ಹಟ್ಟಿಯಲ್ಲೇ ಮಲಗಿಸುತ್ತಿದ್ದಳು ಅಂದರು. ಆಮೇಲೆ, ಇರಬಹುದು ಕಣಮ್ಮ, ಗೊತ್ತಿಲ್ಲದೋನು ಅಂತಾನೇ ಕಾಣುತ್ತೆ, ಪೋನೀ, ಹೋಗಲಿ ಬಿಡು ಅಂದರು. ಆ ಮಾತು ನಮ್ಮಿಬ್ಬರಿಗೂ ಬೇಕಾಗಿತ್ತು.

ಮಾರನೆಯ ದಿನ ಹುಳು ಎದ್ದವು, ಆದರೆ ಒಟ್ಟಿಗೆ ಏಳಲಿಲ್ಲ. ಕೆಲವು ಎದ್ದು ಸೊಪ್ಪಿಗೆ ತಡಕಾಡುತ್ತಿದ್ದರೆ ಕೆಲವು ಇನ್ನೂ ಕೂತೇ ಇದ್ದವು. ಆಮೇಲಿನ ನಾಲ್ಕು ದಿನ ನಾನು ಶಾಲೆಯಲ್ಲಿ ಏನು ಪಾಠ ಮಾಡಿದೆನೋ ಗೊತ್ತಿಲ್ಲ. ಮಿಸ್, ನಿಮ್ಮನೆ ಬಂದಿದೆ ಅಂತ ಮಕ್ಕಳು ಓಡಿ ಬಂದು ಹೇಳಿದರು. ಹಿನ್ನೆಲೆಗೆ ಕೊಳಲು ಹಾಕಿದ ವಿಡಿಯೋ ಎಲ್ಲರ ಫೋನಿನಲ್ಲೂ ಓಡುತ್ತಿತ್ತು. ಮನೆಗೆ ಹೋದ ಕೂಡಲೇ ಬ್ಯಾಗು ಬಿಸಾಕಿ ಕೈಕಾಲು ತೊಳೆದು ಹುಳುಮನೆಗೆ ಓಡುತ್ತಿದ್ದೆ. ಸೊಪ್ಪು ತಿಂದವಾ ಅತ್ತೆ? ತಿಂದವು. ಚೆನ್ನಾಗಿ ತಿಂದವಾ? ತಿಂದವು ಕಣೇ, ಕೆಲಸ ನೋಡು. ಅತ್ತೆ ನನ್ನ ಮುಖ ನೋಡದೆ ಉತ್ತರ ಕೊಡುತ್ತಿದ್ದರು.

ಐದನೆಯ ದಿನ, ಭಾನುವಾರ, ಬೆಳಿಗ್ಗೆ ಹಾಕಿದ ಸೊಪ್ಪು ಹತ್ತು ಗಂಟೆಗೂ ಹಾಗೇ ಇತ್ತು. ಹುಳುಗಳು ಮೆತ್ತಗಾಗಿ, ಮುಟ್ಟಿದರೆ ಜಾರುವ ಹಾಗೆ ಕಡ್ಡಿಗಳಿಂದ ಜೋತುಬಿದ್ದಿದ್ದವು. ಇದಕ್ಕೆ ಸಪ್ಪೆ ರೋಗ ಅನ್ನುತ್ತಾರೆ. ಸಪ್ಪೆ ಬಿದ್ದರೆ ಬೆಳೆ ಮುಗಿಯಿತು. ಸೊಪ್ಪಿನಿಂದಾಯಿತೋ, ಹೂವಿನಿಂದಾಯಿತೋ, ಜನ ತುಳಿದದ್ದರಿಂದಾಯಿತೋ, ಯಾರೂ ಹೇಳಲಾರರು. ಅತ್ತೆ ಬಾಗಿಲ ಬಳಿ ಕೂತುಬಿಟ್ಟರು.

ನನ್ನ ಗಂಡ ಶೆಡ್ಡು ಖಾಲಿ ಮಾಡುವ ಮಾತು ಎತ್ತುತ್ತಾರೆ ಎಂದು ನಾನು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಅವರು ಎತ್ತಲಿಲ್ಲ. ತಾಯಿಯ ಪಕ್ಕ ಕೂತು, ಇದು ನಿನ್ನ ಕೈಯಿಂದ ಕೆಟ್ಟಿದ್ದಲ್ಲಮ್ಮ, ಇದನ್ನು ಲೆಕ್ಕಕ್ಕೆ ಹಿಡಿಯೋದು ಬೇಡ, ಇನ್ನೊಂದು ಬೆಳೆ ಇಡು ಅಂದರು. ಗಂಡನ ಬಗ್ಗೆ ಅಷ್ಟು ಹೆಮ್ಮೆ ನನಗೆ ಅಪರೂಪಕ್ಕೆ ಬಂದದ್ದು. ಅತ್ತೆ, ಹ್ಞೂಂ, ನೋಡಣ ಅಂದರು. ಮೂರು ವಾರ ಬಿಟ್ಟು ಹುಳು ತರೋಣ ಅಂತಲೂ ಮಾತಾಯಿತು.

ಮಧ್ಯಾಹ್ನ ಒಂದು ಕಾರು ಬಂತು. ಇಳಿದವರು ಅವತ್ತು ಹಾರ ತೆಗೆಸಿ ಎಂದು ನಾನು ಕೇಳಿಕೊಂಡಿದ್ದ ಅದೇ ಪಿಎ. ಐವತ್ತು ದಾಟಿದ ಮನುಷ್ಯ. ಈ ಸಲ ಹುಳುಮನೆಯ ಹತ್ತಿರ ಬರದೆ ಅಂಗಳದಲ್ಲೇ ನಿಂತರು. ಬೆಳೆ ಹೇಗಿದೆ ಎಂದು ಕೇಳಿದರು. ಅತ್ತೆ, ಯಾಕಪ್ಪ ಅಂದರು.

"ಸಾಹೇಬ್ರು ಕಳಿಸಿದ್ರಮ್ಮ. ಜ್ವರ ಎದ್ದು ಇವತ್ತಿಗೆ ಐದು ದಿವ್ಸ ಆಗುತ್ತೆ, ಸಪ್ಪೆ ಬೀಳೋದಿದ್ರೆ ಇವತ್ತು ಕಾಣುತ್ತೆ, ಹೋಗಿ ನೋಡ್ಕೊಂಡ್ ಬಾ ಅಂದ್ರು."

ಆಮೇಲೆ ಅವರು ಬಂದ ಕಾರಣವನ್ನೂ ಹೇಳಿದರು. ಹಾಗೇನಾದರೂ ಆಗಿದ್ದರೆ ಟಿವಿಯವರಿಗೆ, ಫೋನ್ ಹಿಡಿದುಕೊಂಡು ಬರುವವರಿಗೆ ಹೇಳುವುದು ಬೇಡ, ವಿಡಿಯೋ ಚೆನ್ನಾಗಿ ಓಡುತ್ತಿದೆ, ಚುನಾವಣೆ ಮುಗಿದ ಮೇಲೆ ಸಾಹೇಬರು ನಿಮ್ಮನ್ನು ಮರೆಯುವುದಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕೈ ಎತ್ತಿ ತಡೆದರು.

"ದಿನ ಎಣಿಸಿದ್ದು ನೀನಾ, ಅವ್ರಾ?"

"ನಂಗೆಲ್ಲಿ ಗೊತ್ತಾಗುತ್ತಮ್ಮ, ನಾನು ಬೆಂಗ್ಳೂರೋನು. ಅವ್ರೇ ಹೇಳಿದ್ದು. ಅವತ್ತು ಇಲ್ಲಿಂದ ಕಾರ್ ಹತ್ತಿದ ಕೂಡ್ಲೇ ಇವತ್ತಿನ ತಾರೀಖು ಡೈರೀಲಿ ಬರೆಸಿದ್ರು."

ಅತ್ತೆ ತಲೆ ಆಡಿಸಿದರು. ಬಿದ್ದೈತೆ ಅಂತ ಹೇಳಪ್ಪ, ನಾವು ಯಾರಿಗೂ ಹೇಳಲ್ಲ ಅಂತಲೂ ಹೇಳು ಅಂದರು. ಕಾರು ಹೋಯಿತು. ಹುಳು ಸಾಕದವನಿಗೆ ಆ ದಿನಗಳ ಲೆಕ್ಕ ಗೊತ್ತಿರುವುದಿಲ್ಲ. ನನಗೆ ಅತ್ತೆಯ ಕಡೆ ತಿರುಗಲು ಧೈರ್ಯವಾಗಲಿಲ್ಲ. ಐದು ದಿನ ಅವನನ್ನು ಸುಳ್ಳ ಸುಳ್ಳ ಎಂದು ಬೈದುಕೊಂಡೇ ನಾನು ಉಸಿರಾಡಿದ್ದೆ.

ಅತ್ತೆ ನನ್ನ ಗಂಡನನ್ನು ಕರೆದು, ಸ್ಟ್ಯಾಂಡ್ ಬಿಚ್ಚೋರಿಗೆ ನಾಳೇನೇ ಬರೋಕೆ ಹೇಳು ಅಂದರು. ಅವರು ಗಾಬರಿಯಾದರು. ನಾನು ಹತ್ತಿರ ಹೋಗಿ, ಬೆಳಿಗ್ಗೆ ತಾನೇ ಇನ್ನೊಂದು ಬೆಳೆ ಇಡೋಣ ಅಂದಿರಲ್ಲ ಅತ್ತೆ ಅಂದೆ.

"ಗೊತ್ತಿಲ್ಲದೋನು ಮಾಡಿದ್ರೆ ಇನ್ನೊಂದು ಬೆಳೆ ಇಡ್ತಿದ್ದೆ ಕಣಮ್ಮ," ಅಂದರು. "ಅವ್ನು ನಮ್ಮೋನೇ."